ಗ್ರಂಥಾಲಯದ ತೆರಿಗೆ ಟ್ಯಾಕೆಟ್

ಮಾರ್ಚ್ ಬಂತೆಂದರೆ ನಮ್ಮ ಕೆಂಟಕಿಯ ಊರಿನ ಗ್ರಂಥಾಲಯದಲ್ಲಿ ನಿವೃತ್ತ ಅಂಚೆಯವರಾದ ಆರ್ವಿಲ್ ಟ್ಯಾಕೆಟ್ ಆದಾಯ ತೆರಿಗೆಯ ಫಾರಂಗಳನ್ನು ಬಿಟ್ಟಿಯಾಗಿ ತುಂಬಿಕೊಡಲು ಕೂರುತ್ತಾರೆ. ಸಂಬಳ ಕೇಳುವ ಮೊದಲು ಸಂಸಾರ ವಿಚಾರಿಸುತ್ತಾರೆ; ಮನೆಯಲ್ಲಿ ಸಾಕುವ ಮಗುವಿದ್ದರೆ ಅಮೆರಿಕದಲ್ಲಿ ಕಟ್ಟಬೇಕಾದ ತೆರಿಗೆಯಲ್ಲೇ ದೊಡ್ಡ ಮೊತ್ತ ಕಳೆಯುತ್ತಾರೆ. ನಾಯಿಯನ್ನು ಮಗುವೆಂದು ಬರೆಯಲಾಗದಲ್ಲ ಎಂದು ಒಂಟಿ ಜನರ ಪರವಾಗಿ ಕೊರಗುತ್ತಾರೆ. "ಆದಾಯದಲ್ಲಿ ಕಳೆದ್ರೆ ಚಿಲ್ಲರೆ ಉಳಿಯುತ್ತೆ, ತೆರಿಗೆಯಲ್ಲೇ ಕಳೆದ್ರೆ ನೋಟೇ ಉಳಿಯುತ್ತೆ" ಎಂದು ದಿನಕ್ಕೆ ನೂರು ಸಲವಾದರೂ ಹೇಳುತ್ತಾರೆ. ಮೊನ್ನೆ ಲಾಂಡ್ರಿಯ ವರ್ನಾ ಒಂಬೈನೂರು ಡಾಲರ್ ತೆರಿಗೆ ಕಟ್ಟಬೇಕೆಂದು ಹೆದರಿ ಬಂದರು. "ಮನೇಲಿ ಇನ್ಯಾರಿದ್ದಾರೆ ವರ್ನಮ್ಮ?" "ಮೊಮ್ಮಗಳು. ಎರಡು ವರ್ಷದಿಂದ ನನ್ ಹತ್ರಾನೇ. ಆದ್ರೆ ಅವಳು ಮಗಳ ಮಗು, ನನ್ನದಲ್ವಲ್ಲ." "ಅನ್ನ ಹಾಕೋರು, ಶಾಲೆಗೆ ಕಳಿಸೋರು ಯಾರು?" "ಇನ್ಯಾರು, ನಾನೇ." "ಹಾಗಾದ್ರೆ ಸರ್ಕಾರದ ಪ್ರಕಾರಾನೂ ನಿಮ್ಮದೇ ಕಣ್ರೀ!" ಆ ಒಂದು ಹೆಸರು ಬರೆದೊಡನೆ ತೆರಿಗೆ ಸೊನ್ನೆಗಿಳಿಯಿತು. ವರ್ನಾ ಆ ಸೊನ್ನೆಯನ್ನು ನೋಡಲೇ ಇಲ್ಲ. ತಮ್ಮ ಹೆಸರಿನ ಕೆಳಗಿದ್ದ ಮಗುವಿನ ಹೆಸರಿನ ಮೇಲೆ ಬೆರಳಿಟ್ಟು ಅತ್ತರು. ಸಾಲು ಬಾಗಿಲಾಚೆಗೂ ಬೆಳೆದಿತ್ತು. ಟ್ಯಾಕೆಟ್ ಮುಂದಿನವರನ್ನು ಕರೆಯದೆ, ಆಕೆಯ ಅಳು ಮುಗಿಯುವವರೆಗೆ ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಕೆತ್ತುತ್ತ ಕುಳಿತರು.