ಎಡಗಾಲಿನ ಹೆಜ್ಜೆ

ಇಸ್ತ್ರಿಯಕ್ಕನ ಅಂಗಡಿಯಲ್ಲಿ ಇದ್ದದ್ದು ಒಂದು ಮೇಜು, ಒಂದು ಇಸ್ತ್ರಿಪೆಟ್ಟಿಗೆ, ಮತ್ತು ಅವಳ ಬಿಡುವಿಲ್ಲದ ಬಾಯಿ. ಊರಿನ ಅಂಗಿಗಳೆಲ್ಲ ಅವಳ ಮಾತು ಕೇಳುತ್ತಿದ್ದವು, ಗಂಡನೊಬ್ಬ ಕೇಳುತ್ತಿರಲಿಲ್ಲ. ಅವನು ಬಡಗಿ, ಹಟಮಾರಿ. ಮಗಳು ಕೂಸಾಗಿದ್ದಾಗ ಜ್ವರ ಬಂದು ಇನ್ನೇನು ಕೈಬಿಟ್ಟು ಹೋದಳು ಎನ್ನುವಾಗ ಅವನು ಮಾತೆ ಮರಿಯಳಿಗೆ ಹರಕೆ ಹೊತ್ತಿದ್ದ: ಕಾಲಿರುವ ತನಕ ವರ್ಷ ವರ್ಷ ನಿನ್ನೆದುರು ಕುಣಿಯುತ್ತೇನೆ. ಮಗಳು ಉಳಿದಳು. ಅವನು ಕುಣಿಯುತ್ತ ಕುಣಿಯುತ್ತ ಚರ್ಚಿನ ಹಬ್ಬದ ಕುಣಿತದ ಮೇಳಕ್ಕೆ ಮುಂದಾಳೇ ಆಗಿಬಿಟ್ಟ.

ಆ ಕುಣಿತ ಚರ್ಚಿಗಿಂತ ಹಳೆಯದು. ಗೋಡೆ ಏಳುವ ಮೊದಲು ಹಿರಿಯರು ಅದೇ ಜಾಗದಲ್ಲಿ ನೆಲತಾಯಿಗೆ ಕುಣಿಯುತ್ತಿದ್ದರು. ಮಾತೆ ಬಂದಳು, ಕುಣಿತ ಎಲ್ಲಿಗೂ ಹೋಗಲಿಲ್ಲ. ಇವತ್ತಿಗೂ ಮೊದಲ ಹೆಜ್ಜೆ ನೆಲಕ್ಕೆ, ಉಳಿದದ್ದೆಲ್ಲ ಅವಳಿಗೆ. ಕುಣಿಯುವವರು ಮಾತೆಯ ಪೀಠಕ್ಕೆ ಬೆನ್ನು ಹಾಕುವಂತಿಲ್ಲ. ಮುಂದಾಳು ಹೇಗೆ ಹೆಜ್ಜೆ ಇಟ್ಟರೆ ಹಿಂದಿನವರೂ ಹಾಗೇ ಇಡಬೇಕು. ಅವನು ತಪ್ಪಿದರೆ ಅವರೂ ಹಾಗೇ ತಪ್ಪಬೇಕು.

ಈ ವರ್ಷ ಲಕ್ವ ಹೊಡೆದು ಅವನ ಎಡಗಾಲು ಬಿದ್ದುಹೋಯಿತು. ಅಕ್ಕ ಫಾದರ್ ಹತ್ತಿರ ಓಡಿದಳು.

"ಕೂತೇ ಪ್ರಾರ್ಥನೆ ಮಾಡಲಿ ತಾಯಿ, ಹರಕೆ ತೀರಿದ ಹಾಗೇ," ಎಂದರು ಅವರು.

ಗಂಡ ಒಪ್ಪಬೇಕಲ್ಲ! "ಕಾಲಿರೋ ತನಕ ಅಂದಿದ್ದೆ ಕಣೇ. ಇನ್ನೊಂದು ಇದೆಯಲ್ಲ."

"ಎಲ್ಲರೆದುರು ಬಿದ್ದರೆ?"

"ಎತ್ತು. ನೀನಿರೋದು ಯಾಕೆ?"

ಅವಳಿಗೆ ಸಿಟ್ಟು ನೆತ್ತಿಗೇರಿತು. ಆದರೂ ಗೆಜ್ಜೆ ಕಟ್ಟಿದವಳು ಅವಳೇ.

ಹಬ್ಬದ ದಿನ ಚರ್ಚಿನೊಳಗೆ ಡೋಲು ಶುರುವಾಯಿತು. ಬೀಳುವ ಮೊದಲೇ ಹಿಡಿಯಬೇಕೆಂದು ಅಕ್ಕ ಅವನ ಪಕ್ಕದಲ್ಲೇ ನಿಂತಳು. ಬಲಗಾಲು ಎದ್ದು ನೆಲ ಗುದ್ದಿತು. ಎಡಗಾಲು ಕಲ್ಲುಹಾಸಿನ ಮೇಲೆ ಸರ್ರನೆ ಎಳೆದುಕೊಂಡು ಬಂತು. ಯಾರು ನಗುತ್ತಾರೋ ಎಂದು ಅವಳ ಜೀವ ಕೈಯಲ್ಲಿತ್ತು.

ಹಿಂದಿನಿಂದ ಅದೇ ಸದ್ದು ಬಂತು. ತಿರುಗಿ ನೋಡಿದಳು. ಗಾರೆಯವರು, ಹಮಾಲರು, ಎಳೆಯ ಹುಡುಗಿಯರು, ಇಡೀ ಮೇಳವೇ ಬಲಗಾಲು ಗುದ್ದಿ ಎಡಗಾಲು ಎಳೆಯುತ್ತಿತ್ತು. ಒಬ್ಬರ ಮುಖದಲ್ಲೂ ನಗುವಿರಲಿಲ್ಲ, ಕನಿಕರವೂ ಇರಲಿಲ್ಲ. ನೆಲತಾಯಿಯ ಕಾಲದಲ್ಲೂ ಯಾರೋ ಕುಂಟ ಮುಂದಾಳಾಗಿದ್ದಿರಬೇಕು, ಇಲ್ಲದಿದ್ದರೆ ಈ ಕಟ್ಟಳೆ ಎಲ್ಲಿಂದ ಬರಬೇಕು ಎಂದು ಅಕ್ಕನಿಗೆ ಅನ್ನಿಸಿತು.

ಹಿಂತಿರುಗಿ ನೋಡಲಾಗದ ಗಂಡ ಸದ್ದು ಮಾತ್ರ ಕೇಳಿಸಿಕೊಂಡು ತಡೆದು ನಿಂತ. ಮುಖ ಕಪ್ಪಿಟ್ಟಿತ್ತು.

"ನನ್ನ ಅಣಕಿಸ್ತಿದಾರೇನೇ?"

"ಇಲ್ಲಾ ರೀ," ಎಂದಳು ಅವಳು, ಅಳುತ್ತಲೇ. "ನಿಮ್ಮ ಹಿಂದೆ ಬರ್ತಿದಾರೆ. ನಡೀರಿ, ಎಲ್ಲರೂ ಕಾಯ್ತಿದಾರೆ."