ಬಲಗಡೆಯ ಹೂವು

ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಗುಡಿಯ ಮುಂದಿದ್ದ ಮರ ಬೇವೋ ಅರಳಿಯೋ ಈಗ ಹೇಳಲಾರೆ. ಆ ದಿನ ಸುಡುಬಿಸಿಲಿತ್ತು ಎಂದು ನೆನಪು. ದಿನಚರಿಯಲ್ಲಿ ‘ಮೋಡ, ಬಸ್ಸು ತಡ’ ಎಂದಿದೆ. ದಿನಚರಿ ಬರೆದವಳೂ ನಾನೇ ಆದ್ದರಿಂದ ಅದನ್ನೂ ಪೂರ್ತಿ ನಂಬುವುದಿಲ್ಲ. ಹೂವು ಬಲಕ್ಕೆ ಬಿತ್ತು ಎನ್ನುವುದು ಮಾತ್ರ ಖಚಿತ. ಅದಕ್ಕೆ ಬೇರೆ ಸಾಕ್ಷಿಗಳಿದ್ದಾರೆ.

ನಾನು ಓದಿದ್ದು ಮನಶ್ಶಾಸ್ತ್ರ. ಮನಸ್ಸಿನ ತೊಂದರೆಯಲ್ಲಿರುವ ಹದಿಹರೆಯದವರ ಜೊತೆ ವಾರವಾರ ಕೂತು ಮಾತಾಡುವುದು, ಅವರು ಕಾಲೇಜು ಬಿಡದಂತೆ ಜೊತೆಗಿರುವುದು ನನ್ನ ಕೆಲಸ. ಕಾಗದದ ಮೇಲೆ ನಾನು ಮೆಂಟರ್. ಕಡೂರಿನಲ್ಲಿ ಕೌನ್ಸೆಲಿಂಗ್ ಮೇಡಂ, ತರೀಕೆರೆಯಲ್ಲಿ ಬುದ್ಧಿ ಹೇಳೋ ಮೇಡಂ, ಅಜ್ಜಂಪುರದಲ್ಲಿ ದೊಡ್ಡಮ್ಮನ ತಂಗಿ ಮಗಳು. ಮೂರೂ ಊರಿನಲ್ಲಿ ಹೆತ್ತವರು ಮಕ್ಕಳನ್ನು ನನ್ನೆದುರು ಕೂರಿಸಿ ಹೇಳುವುದು ಒಂದೇ: “ಸ್ವಲ್ಪ ಬುದ್ಧಿ ಹೇಳಿ ಮೇಡಂ.” ಬುದ್ಧಿ ಹೇಳಬಾರದು ಎನ್ನುವುದು ನಮ್ಮ ತರಬೇತಿಯ ಮೊದಲ ಪಾಠ.

ಆ ಹುಡುಗಿ ಬುಕ್ಕಾಂಬುಧಿ ಕಡೆಯವಳು. ಅಜ್ಜಂಪುರದಲ್ಲಿ ಮೊದಲ ಪಿಯುಸಿ. ಒಂದು ಬೆಳಿಗ್ಗೆ ಹಾಜರಿ ಕೂಗಿದಾಗ ಎದ್ದು ನಿಂತವಳಿಗೆ ಉಸಿರು ಕಟ್ಟಿತು. ಹಿಂದಿನ ಬೆಂಚಿನವರು ನಕ್ಕರು. ಮಾರನೆಯ ದಿನ ಬಸ್ಸು ಕಂಡಾಗಲೇ ಕೈಕಾಲು ನಡುಗಿದವು. ಆಮೇಲೆ ಅವಳು ಬಸ್ ಸ್ಟಾಪಿಗೂ ಬರಲಿಲ್ಲ.

“ಎದೆ ಒಳ್ಗೆ ಮಿಕ್ಸಿ ಓಡ್ದಂಗಾಗುತ್ತೆ ಮೇಡಂ,” ಎಂದಿದ್ದಳು. “ಜಾರ್‌ನಲ್ಲಿ ಏನೂ ಇರಲ್ಲ. ಸುಮ್ನೆ ಓಡುತ್ತೆ.”

ಆಸ್ಪತ್ರೆಗೆ ವಾರಕ್ಕೊಮ್ಮೆ ಬರುವ ಮನೋವೈದ್ಯರ ಬಳಿ ಅವಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಹೋದೆ. ಅವರು ಸಮಾಧಾನವಾಗಿ ಕೇಳಿ ಮಾತ್ರೆ ಬರೆದುಕೊಟ್ಟರು. ಮುಂದಿನ ಸಲ ನಾನು ಮನೆಗೆ ಹೋದಾಗ ಮಾತ್ರೆಗಳು ದೇವರ ಗೂಡಿನಲ್ಲಿದ್ದವು. ಪೊಟ್ಟಣಕ್ಕೆ ಕುಂಕುಮವನ್ನೂ ಇಟ್ಟಿದ್ದರು. ಒಂದನ್ನೂ ನುಂಗಿರಲಿಲ್ಲ.

ಆ ಮನೆಯ ತೀರ್ಮಾನಗಳೆಲ್ಲ ಅಜ್ಜಿಯವು. ಅಜ್ಜಿಯ ತೀರ್ಮಾನಗಳೆಲ್ಲ ಊರ ದೇವಿಯವು. ಪೂಜಾರಿ ದೇವಿಯ ವಿಗ್ರಹದ ಎರಡೂ ಬದಿಗೆ ಒದ್ದೆ ಹೂವು ಅಂಟಿಸುತ್ತಾನೆ. ಕೇಳುವವರು ಕೇಳುತ್ತಾರೆ. ಬಲಗಡೆಯ ಹೂವು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಬೋರ್ ಕೊರೆಸುವಾಗ ಕೇಳಿದ್ದರು, ಟ್ರ್ಯಾಕ್ಟರ್ ತರುವಾಗ ಕೇಳಿದ್ದರು. ತಲೆಗೆ ಸಂಬಂಧಿಸಿದ ಮಾತ್ರೆಗೆ ಕೇಳದಿರುವುದು ಹೇಗೆ?

“ಎಡಕ್ಕೆ ಕೊಟ್ರೆ ಮಾತ್ರೆನೂ ಬ್ಯಾಡ, ಕಾಲೇಜೂ ಬ್ಯಾಡ,” ಎಂದರು ಅಜ್ಜಿ. “ಮನೇಲಿರ್ತಾಳೆ. ಕುರಿ ಅವೆ, ನೋಡ್ಕಂತಾಳೆ.”

ಹುಡುಗಿ ಕುರಿಗಳ ಕಡೆ ನೋಡಿದಳು. ಕುರಿಗಳೂ ಅವಳ ಕಡೆ ನೋಡಿದವು.

ಅಜ್ಜಂಪುರಕ್ಕೆ ಹೋದ ದಿನ ಮಧ್ಯಾಹ್ನದ ಊಟ ನನಗೆ ದೊಡ್ಡಮ್ಮನ ಮನೆಯಲ್ಲಿ. ಮಕ್ಕಳು ನನಗೆ ಹೇಳಿದ್ದನ್ನು ಹೊರಗೆ ಹೇಳುವಂತಿಲ್ಲ, ಅದೂ ತರಬೇತಿಯ ಪಾಠವೇ.

“ಆ ಹುಡ್ಗೀದು ಏನಾಯ್ತೇ?” ಎಂದಳು ದೊಡ್ಡಮ್ಮ, ಮುದ್ದೆ ಬಡಿಸುತ್ತ.

“ಯಾವ ಹುಡುಗಿ?”

“ನಾಟ್ಕ ಆಡ್ಬೇಡ ಕಣೇ. ಅವಳಜ್ಜಿ, ನಾನು ಒಂದೇ ಬೀದೀಲಿ ಬೆಳೆದೋರು. ಮಾತ್ರೆ ದೇವ್ರ ಗೂಡಲ್ಲಿ ಕುಂತೈತಂತಲ್ಲ.”

ನಾನು ಸಾರಿಗೆ ಕೈ ಚಾಚಿದೆ.

“ಮಂಗಳವಾರ ಹೂ ಕೇಳೋದು ಅಂತ ಮಾತಾಡಿ ಬಂದಿದೀನಿ. ಮೇಡಂನೂ ಬತ್ತಾಳೆ, ದೇವಿ ಹೇಳಿದ್ದಕ್ಕೆ ಒಪ್ತಾಳೆ ಅಂತ ಮಾತೂ ಕೊಟ್ಟಿದೀನಿ.”

“ಯಾರ ಮಾತು ದೊಡ್ಡಮ್ಮ?”

“ನಿಂದು.”

ಔಷಧದ ವಿಷಯ ವೈದ್ಯರು ತೀರ್ಮಾನಿಸಬೇಕಾದದ್ದು ಎಂದೆ. ಅವರು ತೀರ್ಮಾನಿಸಿ ಎಷ್ಟು ದಿನ ಆಯ್ತು ಎಂದಳು. ನಾನು ಜೋರಾಗಿ ವಾದಿಸಿದೆ ಎಂದು ನೆನಪಿದೆ. ಎರಡನೇ ಮುದ್ದೆ ಹಾಕಿಸಿಕೊಂಡದ್ದೂ ನೆನಪಿದೆ. ಎರಡೂ ಒಟ್ಟಿಗೆ ನಡೆದಿರಲು ಸಾಧ್ಯವೇ ಎಂದು ಈಗ ಅನುಮಾನ.

ಮಂಗಳವಾರಕ್ಕೆ ಮೊದಲು ಹುಡುಗಿಯನ್ನೇ ಕೇಳಿದೆ, ನಿನಗೆ ಏನನ್ನಿಸುತ್ತದೆ ಎಂದು.

“ಬಸ್ ಹತ್ಬೇಕು ಅನ್ಸುತ್ತೆ. ಮಾತ್ರೆ ನುಂಗಿದ್ರೆ ಹತ್ತಕ್ಕಾಗುತ್ತಾ?”

“ಸಹಾಯ ಆಗಬಹುದು. ಜೊತೆಗೆ ನಾವು ಅಭ್ಯಾಸವನ್ನೂ ಮಾಡೋಣ.”

“ಆಗ್ಬೋದು,” ಎಂದಳು ಅವಳು, ನನ್ನ ಧ್ವನಿಯಲ್ಲಿಯೇ. “ದೇವಿ ಆದ್ರೆ ಒಂದ್ ಕಡೆ ಹೇಳ್ತಾಳೆ.”

ಮಂಗಳವಾರ ಗುಡಿಯಲ್ಲಿ ಇದ್ದದ್ದು ಅಜ್ಜಿ, ಹುಡುಗಿ, ದೊಡ್ಡಮ್ಮ, ನಾನು, ಹೀಗೆ ನಾವು ನಾಲ್ವರು ಹೆಂಗಸರು ಮತ್ತು ಪೂಜಾರಿ. ಹೂವು ಅಂಟಿಸಿ, ಆರತಿ ಎತ್ತಿ, ಏನು ಕೇಳಬೇಕು ಎಂದ. ಅಜ್ಜಿ ಹುಡುಗಿಯ ನಾಮಕರಣದಿಂದ ಶುರು ಮಾಡಿದರು.

“ಕಥೆ ಬ್ಯಾಡ ಕಣಮ್ಮ. ಒಂದೇ ಮಾತಲ್ಲಿ ಕೇಳು,” ಎಂದ ಪೂಜಾರಿ.

ಅಜ್ಜಿ ನನ್ನತ್ತ ತಿರುಗಿದರು. “ನೀವು ಓದಿರೋರು. ನೀವೇ ಕೇಳ್ರವ್ವ.”

ಹೌದು ಅಥವಾ ಇಲ್ಲ ಎಂದು ಮುಗಿಸಿಬಿಡಬಹುದಾದ ಪ್ರಶ್ನೆ ಕೇಳಬಾರದು ಎಂದು ನನಗೆ ವರ್ಷಗಟ್ಟಲೆ ಕಲಿಸಿದ್ದಾರೆ. “ಈ ಹುಡುಗಿಗೆ ಯಾವುದು ಒಳ್ಳೆಯದು ಅನ್ನೋದನ್ನ ತಿಳಿಸಬೇಕು,” ಎಂದೆ.

ಪೂಜಾರಿ ನನ್ನನ್ನು ಒಮ್ಮೆ ನೋಡಿದ. “ಹಂಗೆಲ್ಲ ಕೇಳಂಗಿಲ್ಲ ಮೇಡಂ. ಬಲ, ಇಲ್ಲ ಎಡ. ಎರಡೇ ಹೂ ಇರೋದು.”

ಅಷ್ಟರಲ್ಲಿ ಹುಡುಗಿ ಮುಂದೆ ಬಂದಳು. ಕೈ ಮುಗಿದು, ಹಾಜರಿ ಹೇಳುವವಳ ಹಾಗೆ ನೆಟ್ಟಗೆ ನಿಂತು, “ಮಾತ್ರೆ ನುಂಗಿ ಕಾಲೇಜಿಗೆ ಹೋಗ್ಲಾ?” ಎಂದಳು.

ಹೂವು ಬೀಳಲಿಲ್ಲ. ಪೂಜಾರಿ ಗಂಟೆ ಬಾರಿಸಿದ. ಬೀಳಲಿಲ್ಲ. ಎಡಗಡೆಯ ಹೂವು ಸ್ವಲ್ಪ ಜಾರಿದಂತೆ ಕಂಡಿತು. ಹುಡುಗಿಯ ಉಸಿರು ಗಟ್ಟಿಯಾಗಿ ಕೇಳಿಸತೊಡಗಿತು. ನಿಧಾನವಾಗಿ ಉಸಿರು ಬಿಡುವುದನ್ನು ಅವಳಿಗೆ ಕಲಿಸಿದ್ದವಳು ನಾನು. ನಾನೇ ಉಸಿರು ಹಿಡಿದು ನಿಂತಿದ್ದೆ. ಎಡಕ್ಕೆ ಬಿದ್ದರೆ ಏನು ಹೇಳುವುದು ಎಂದು ಯೋಚಿಸಿದೆ. ದೇವಿಯನ್ನು ಒಪ್ಪಲಾರೆ ಎಂದರೆ ಆ ಮನೆಯ ಬಾಗಿಲು ನನಗೆ ಮುಚ್ಚಿದಂತೆ. ಒಪ್ಪಿದರೆ ನಾನು ಯಾಕಾದರೂ ಬೇಕು?

ಬಲಗಡೆಯದು ಬಿತ್ತು. ಅಜ್ಜಿ ಜೋರಾಗಿ ಅತ್ತರು. ದೊಡ್ಡಮ್ಮ, “ನಡೀರಿ, ಬಸ್ ಹೋದಾತು,” ಎಂದಳು.

ಅವತ್ತೇ ರಾತ್ರಿ ಊಟವಾದ ಮೇಲೆ ಅಜ್ಜಿ ತಾವೇ ನಿಂತು ಮಾತ್ರೆ ನುಂಗಿಸಿದರಂತೆ. ಈಗಲೂ ತಪ್ಪಿಸುವುದಿಲ್ಲ. ಹುಡುಗಿ ಕಾಲೇಜಿಗೆ ಹೋಗುತ್ತಾಳೆ, ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರುತ್ತಾಳೆ. ಕೆಲವು ದಿನ ಬಸ್ಸಿನಿಂದ ಅರ್ಧ ದಾರಿಯಲ್ಲೇ ಇಳಿದು ಅಪ್ಪನಿಗೆ ಫೋನ್ ಮಾಡುತ್ತಾಳೆ. ಮನೆಯವರು ಹೇಗೆ ಒಪ್ಪಿದರು ಎಂದು ವೈದ್ಯರು ಕೇಳಿದರು. ಕುಟುಂಬದವರೊಂದಿಗೆ ಸಮಾಲೋಚನೆ ನಡೆಸಿದೆವು ಎಂದೆ.

ಸುದ್ದಿ ಹಬ್ಬಿತು. ಕಳೆದ ವಾರ ದೊಡ್ಡಮ್ಮನ ಮನೆ ಜಗಲಿಯ ಮೇಲೆ ದೇವನೂರು ಕಡೆಯ ತಾಯಿಯೊಬ್ಬಳು ಮಗನ ಜೊತೆ ಕೂತಿದ್ದಳು. ಅವನು ಕೈ ಕೊಯ್ದುಕೊಳ್ಳುತ್ತಾನೆ. ಡಾಕ್ಟರ ಬಳಿ ಹೋಗುವ ಮೊದಲು ಹೂ ಕೇಳಬೇಕಂತೆ. ಅದಕ್ಕೆಲ್ಲ ಕಾಯುವ ಹಾಗಿಲ್ಲ ಎಂದು ಹೇಳಿ, ಆಗಲೇ ಹೊರಟು ತಾಯಿ ಮಗ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸಂಜೆ ನಾನು ವಾಪಸ್ ಬಂದಾಗ ದೊಡ್ಡಮ್ಮನಿಗೆ ಕೋಪ ಬಂದಿತ್ತು.

“ದೇವಿ ಏನು ಬ್ಯಾಡ ಅಂತಿದ್ಲಾ? ಆವತ್ತು ಬಲಕ್ಕೆ ಕೊಡ್ಲಿಲ್ವಾ?”

ಅವಳು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡೆ. ಸುಲಿಯುತ್ತಲೇ ಕೇಳಿದೆ:

“ಆವತ್ತು ಎಡಕ್ಕೆ ಬಿದ್ದಿದ್ರೆ ಏನ್ ಮಾಡ್ತಿದ್ದೆ ದೊಡ್ಡಮ್ಮ?”

“ಬಲಕ್ಕೆ ಕೊಡೋವರ್ಗೂ ಪ್ರತಿ ಮಂಗಳವಾರ ಕೇಳಿಸ್ತಿದ್ದೆ ಕಣೇ,” ಎಂದಳು, ಇನ್ನೊಂದು ಹಿಡಿ ಅವರೆಕಾಯಿ ನನ್ನ ಮುಂದೆ ಸುರಿದು.