ಏಪ್ರಿಲ್ ಚಳಿಯ ಮೊದಲ ಮ್ಯಾಚು

ಇಂಗ್ಲೆಂಡಿನಲ್ಲಿ ಕ್ರಿಕೆಟ್ ಸೀಸನ್ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಯಾಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇಲ್ಲಿ ಏಪ್ರಿಲ್ ಎಂದರೆ ಬೇಸಿಗೆಯಲ್ಲ, ಚಳಿಗಾಲದ ಬಾಲ. ಕೈ ಮರಗಟ್ಟುತ್ತದೆ, ಮೂಗು ಸೋರುತ್ತದೆ, ನಡುಮಧ್ಯಾಹ್ನಕ್ಕೇ ದೀಪ ಹಚ್ಚುವ ಹಾಗೆ ಮೋಡ ಕವಿದಿರುತ್ತದೆ. ಅಂಥದ್ದರಲ್ಲಿ ಬಿಳಿ ಬಟ್ಟೆ ತೊಟ್ಟ ಆಟಗಾರರು ಅಂಗೈ ಉಜ್ಜಿಕೊಂಡು ಮೈದಾನದಲ್ಲಿ ನಿಂತಿರುತ್ತಾರೆ. ಅವರಿಗೆ ಸಂಬಳ ಬರುತ್ತದೆ, ನಿಲ್ಲಲಿ. ದುಡ್ಡು ಕೊಟ್ಟು ಅವರನ್ನು ನೋಡಲು ಹೋಗುವವರಿಗೆ ಏನೆನ್ನಬೇಕು? ನನ್ನ ಗಂಡ ಅಂಥವರಲ್ಲಿ ಒಬ್ಬರು.

ತೊಂಬತ್ತರ ದಶಕದ ಮಧ್ಯದಲ್ಲಿ ಅವರ ಕಂಪ್ಯೂಟರ್ ಕೆಲಸದ ಮೇಲೆ ಬೆಂಗಳೂರು ಬಿಟ್ಟು ಬಂದು ಇಲ್ಲಿನ ರಾಜಧಾನಿಯ ಅಂಚಿನ ಪಿನ್ನರ್‌ನಲ್ಲಿ ಫ್ಲಾಟ್ ಹಿಡಿದೆವು. ಮಕ್ಕಳಿಲ್ಲ, ನಾವಿಬ್ಬರೇ. ಬೇರೆಯವರು ಟೆಸ್ಟ್ ಮ್ಯಾಚಿನ ಟಿಕೆಟ್ಟಿಗೆ ಒದ್ದಾಡಿದರೆ ಇವರಿಗೆ ಬೇಕಾದದ್ದು ಇಲ್ಲಿನ ಜಿಲ್ಲೆ ಜಿಲ್ಲೆಗಳ ನಡುವಿನ ಕೌಂಟಿ ಮ್ಯಾಚು, ಅದೂ ಸೀಸನ್ನಿನ ಮೊಟ್ಟಮೊದಲನೆಯದು. ವರ್ಷದ ಮೊದಲ ಚೆಂಡು ಬ್ಯಾಟಿಗೆ ಬಡಿಯುವ ಸದ್ದನ್ನು ಕಿವಿಯಾರೆ ಕೇಳಬೇಕಂತೆ. ಆಫೀಸಿಗೆ ರಜೆ ಹಾಕಿ ಒಂದು ವರ್ಷ ಸೇಂಟ್ ಜಾನ್ಸ್ ವುಡ್‌ನ ಮೈದಾನಕ್ಕೆ, ಇನ್ನೊಂದು ವರ್ಷ ನದಿಯಾಚೆ ಗ್ಯಾಸ್ ಟ್ಯಾಂಕುಗಳ ಪಕ್ಕದ ಮೈದಾನಕ್ಕೆ, ಮತ್ತೊಂದು ವರ್ಷ ರೈಲು ಹತ್ತಿ ಚೆಮ್ಸ್‌ಫರ್ಡ್‌ಗೋ ಹೋವ್‌ಗೋ ಹೋಗಿಬಿಡುತ್ತಿದ್ದರು. ಸಂಜೆ ನೆಗಡಿ ಹೊತ್ತುಕೊಂಡು ಬರುವರು. ನಾನು ಬೈಯುತ್ತಾ ಮೆಣಸಿನ ಸಾರು ಕಾಸುವೆ. ಅವರ ಜೊತೆ ಹೋಗುವ ಯೋಚನೆ ನನಗೆ ಕನಸಿನಲ್ಲೂ ಬಂದಿರಲಿಲ್ಲ.

ಆಮೇಲೆ ಒಂದು ದಿನ ಆಫೀಸಿನಲ್ಲಿ ಅವರ ಬಲಗೈ ಸ್ವಲ್ಪ ಹೊತ್ತು ಸತ್ತ ಹಾಗಾಯಿತು. ಏನೋ ಹೇಳಹೋದರೆ ಮಾತು ತೊದಲಿತು. ಬೇಗನೇ ಎಲ್ಲ ಸರಿಹೋಯಿತು, ಆದರೆ ನಮ್ಮ ಜಿಪಿ ಡಾಕ್ಟರ ಮುಖ ಗಂಭೀರವಾಗಿತ್ತು. ಇದು ಎಚ್ಚರಿಕೆ, ಮುಂದಿನ ಸಲ ದೊಡ್ಡದಾಗಿ ಬರಬಹುದು ಎಂದರು. ಬಿ.ಪಿ. ಮಾತ್ರೆ ಬರೆದುಕೊಟ್ಟು ನನ್ನ ಕಡೆ ತಿರುಗಿ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕ್ಷಣವೂ ತಡಮಾಡದೆ ಆಂಬುಲೆನ್ಸ್ ಕರೆಸಿ ಎಂದರು. ಅವತ್ತಿನಿಂದ ನನ್ನ ಕಣ್ಣು ಅವರ ಬಾಯಿಯ ಮೇಲೆ. ಹೀಗೆ ಕ್ರಿಕೆಟ್ಟಿನ ಗಂಧಗಾಳಿಯಿಲ್ಲದ ನಾನು ಏಪ್ರಿಲ್ ಬಂತೆಂದರೆ ಎರಡು ಸ್ವೆಟರ್ ಹಾಕಿಕೊಂಡು ಅವರ ಹಿಂದೆ ಹೊರಡತೊಡಗಿದೆ. ಕಾವಲಿಗೆ, ಅಷ್ಟೇ.

ಮೈದಾನದಲ್ಲಿ ನಮ್ಮನ್ನು ಬಿಟ್ಟರೆ ಮೊಣಕಾಲಿಗೆ ಕಂಬಳಿ ಹೊದ್ದ ಒಂದಿಷ್ಟು ಮುದುಕರು. ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕೂತಿರುತ್ತಿದ್ದರು. ಯಾರಿಗೂ ಯಾರೂ ಬೇಡ. ಇಷ್ಟು ಖಾಲಿ ಜಾಗದಲ್ಲಿ ದುಃಖವಿಲ್ಲದವರಿಗೂ ದುಃಖವಾಗುತ್ತದೆ.

"ಇದರಲ್ಲಿ ನಮ್ಮವರು ಯಾರ್ರೀ?" ಎಂದು ಮೊದಲ ಸಲವೇ ಕೇಳಿದ್ದೆ.

"ಯಾರು ಬ್ಯಾಟ್ ಹಿಡದಾರ, ಅವ್ರ ನಮ್ಮವರು" ಎಂದರು.

ಇವರು ಧಾರವಾಡದವರು. ಮನೆಯಲ್ಲಿ ಎಲ್ಲರೂ ರೇಡಿಯೋ ಸುತ್ತ ಕೂತು ಕಾಮೆಂಟರಿ ಕೇಳಿ ಬೆಳೆದವರು. ಆ ಮನೆಯ ಕಾನೂನು ಒಂದೇ: ಇಬ್ಬರು ಬ್ಯಾಟ್ಸ್‌ಮನ್‌ಗಳು ಕಚ್ಚಿಕೊಂಡು ನಿಂತರೆ ಯಾರೂ ಕೂತ ಜಾಗ ಬಿಟ್ಟು ಏಳಬಾರದು, ಬಾಯಿ ಬಿಡಬಾರದು. ಬಿಟ್ಟರೆ ವಿಕೆಟ್ ಬೀಳುತ್ತದೆ. ಒಬ್ಬ ಚಿಕ್ಕಪ್ಪನನ್ನು ಹೊಸ್ತಿಲ ಮೇಲೆ ಅರ್ಧ ದಿನ ನಿಲ್ಲಿಸಿದ್ದರಂತೆ. ನಮ್ಮ ದೇಶದಲ್ಲಿ ಈ ಹುಚ್ಚು ಇಲ್ಲದ ಮನೆ ಕಡಿಮೆ ಎಂದು ನನಗೂ ಗೊತ್ತು. ಆದರೆ ಗುರುತು ಪರಿಚಯವಿಲ್ಲದ ಬಿಳಿಯರ ವಿಕೆಟ್ಟಿಗಾಗಿ, ಆ ಥಂಡಿಯಲ್ಲಿ, ಮೂತ್ರ ತಡೆದುಕೊಂಡು ಕೂರುವುದೆಂದರೆ? ನಾನು ಒಮ್ಮೆ ಎದ್ದು ಟಾಯ್ಲೆಟ್ಟಿಗೆ ಹೋಗಿದ್ದೆ, ಅದೇ ಹೊತ್ತಿಗೆ ಯಾವನೋ ಔಟಾದ. "ನೀ ಎದ್ದಿ, ಅಂವ ಹೋದ" ಎಂದು ಮನೆ ಮುಟ್ಟುವವರೆಗೆ ಗೊಣಗಿದರು. ಮೆಟ್ರೋಪಾಲಿಟನ್ ಲೈನಿನ ರೈಲಿನಲ್ಲಿ ಪಕ್ಕದವರು ನಮ್ಮನ್ನು ತಿರುಗಿ ತಿರುಗಿ ನೋಡುತ್ತಿದ್ದರು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಒಂದು ಏಪ್ರಿಲ್. ಅವತ್ತು ಗಾಳಿ ಮುಖಕ್ಕೆ ರಾಚುತ್ತಿತ್ತು. ಅವರಿಗೆ ಮಂಕಿ ಕ್ಯಾಪ್ ಹಾಕಿ, ಮಫ್ಲರನ್ನು ಮೂಗಿನವರೆಗೆ ನಾನೇ ಸುತ್ತಿದ್ದೆ. ಊಟದ ವಿರಾಮದಲ್ಲಿ ಚಪಾತಿ, ಶೇಂಗಾ ಚಟ್ನಿ ತಿಂದರು. ಬಿ.ಪಿ.ಗೆಂದು ಉಪ್ಪು ಕಡಿಮೆ ಹಾಕಿದ್ದಕ್ಕೆ ಎಂದಿನಂತೆ ತಕರಾರು ಮಾಡಿದರು. ಮಫ್ಲರ್ ಮತ್ತೆ ಮೂಗಿಗೇರಿತು, ಆಟ ಶುರುವಾಯಿತು. ಇಬ್ಬರು ಹುಡುಗರು ಬೆಳಗ್ಗೆಯಿಂದಲೇ ತಳ ಊರಿ ನಿಂತಿದ್ದರು.

"ಶುರು ಆತು. ಇನ್ನ ಸುಮ್ಮ ಕೂಡು" ಎಂದರು.

ಸುಮ್ಮನೆ ಕೂತೆ. ಊರಿನಿಂದ ಬಂದವರು ತಂದುಕೊಟ್ಟಿದ್ದ ವಾರಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ನಡುವೆ ಒಮ್ಮೆ ಕಾಫಿ ಬಗ್ಗಿಸಿ ಅವರ ಮುಂದೆ ಹಿಡಿದೆ. ತೆಗೆದುಕೊಳ್ಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಕಣ್ಣು ಮೈದಾನದ ಮೇಲೇ ಇತ್ತು. ಆಯಿತಪ್ಪ, ನಿಮ್ಮ ಹುಡುಗರು ಔಟಾಗದೇ ಇರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಲೋಟವನ್ನು ಪಕ್ಕದ ಸೀಟಿನ ಮೇಲಿಟ್ಟೆ. ಕಾಫಿ ಆರಿ ಕೆನೆಗಟ್ಟಿತು. ನನಗೂ ಸಿಟ್ಟು ಬಂದಿತ್ತು, ಮತ್ತೆ ಕೇಳಲಿಲ್ಲ.

ಟೀ ವಿರಾಮಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಒಬ್ಬನ ಸ್ಟಂಪ್ ಹಾರಿತು. ಮುದುಕರು ತಣ್ಣಗೆ ಚಪ್ಪಾಳೆ ತಟ್ಟಿದರು. ಇವರು ತೊಡೆಗೆ ಹೊಡೆದುಕೊಂಡು "ಛೇ" ಎನ್ನಬೇಕಿತ್ತು. ಯಾರು ಎದ್ದರು ಎಂದು ಕುತ್ತಿಗೆ ತಿರುಗಿಸಿ ನೋಡಬೇಕಿತ್ತು. ಏನೂ ಇಲ್ಲ. ಮಫ್ಲರ್ ಕೆಳಗೆಳೆದೆ. ಬಾಯಿ ಒಂದು ಕಡೆ ಇಳಿದುಹೋಗಿತ್ತು, ಜೊಲ್ಲು ಉಣ್ಣೆಗೆಲ್ಲ ಹತ್ತಿತ್ತು.

ಆಂಬುಲೆನ್ಸಿನಲ್ಲಿ ಆಸ್ಪತ್ರೆ ಸೇರಿ, ತಲೆಯ ಸ್ಕ್ಯಾನ್ ಮುಗಿದ ಮೇಲೆ, ಇನ್ನೂ ಚಿಕ್ಕ ವಯಸ್ಸಿನ ಡಾಕ್ಟರ್ ಒಬ್ಬಳು ನನ್ನ ಕೈ ಹಿಡಿದುಕೊಂಡು ನಿಧಾನವಾಗಿ ವಿವರಿಸಿದಳು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಶುರುವಾಗಿ ಮೂರು ಗಂಟೆಯೊಳಗೆ ಕೊಡಬೇಕು, ತಡವಾಗಿ ಕೊಟ್ಟರೆ ಪ್ರಾಣಕ್ಕೇ ಅಪಾಯ. "ಯಾವಾಗ ಶುರುವಾಯಿತು?"

ಗೊತ್ತಿಲ್ಲ ಎಂದೆ.

"ನೀವು ಅಲ್ಲಿರಲಿಲ್ಲವೇ?"

"ಪಕ್ಕದಲ್ಲೇ ಇದ್ದೆ."

ಹಾಗಾದರೆ ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಯಾವಾಗ ಎಂದು ಕೇಳಿದಳು. ಊಟ ಆದ ಮೇಲೆ ಎಂದೆ. ಅವಳು ಗಡಿಯಾರ ನೋಡಿದಳು. ಆ ಮೂರು ಗಂಟೆಯ ಗಡುವು ಆಗಲೇ ದಾಟಿತ್ತು. ಅಷ್ಟು ಹೊತ್ತು ಗಂಡ ಹೆಂಡತಿ ಪಕ್ಕಪಕ್ಕದಲ್ಲಿ ಕೂತು ಒಂದು ಮಾತೂ ಆಡಲಿಲ್ಲವೇ ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ. ಜಗಳವಾಗಿತ್ತು ಎಂದುಕೊಂಡಿರಬೇಕು. ಅವಳಿಗೆ ಧಾರವಾಡದ ರೇಡಿಯೋ, ಹೊಸ್ತಿಲ ಮೇಲೆ ನಿಂತ ಚಿಕ್ಕಪ್ಪ ಎಲ್ಲವನ್ನೂ ಹೇಳಬೇಕೆನಿಸಿತು. ನನಗೆ ಬರುವ ಇಂಗ್ಲಿಷಿನಲ್ಲಿ ಅದು ಬರೀ ಹುಚ್ಚರ ಕಥೆಯಾಗುತ್ತಿತ್ತು. ಇಂಜೆಕ್ಷನ್ ಕೊಡಲಿಲ್ಲ. ಅವಳ ತಪ್ಪೇನೂ ಇರಲಿಲ್ಲ. ನನ್ನ ತಪ್ಪೆಂದೂ ನಾನು ಒಪ್ಪುವುದಿಲ್ಲ. ನನಗಿರುವುದು ಸಿಟ್ಟು, ಆ ಸುಡುಗಾಡು ಆಟದ ಮೇಲೆ, ಸುಮ್ಮನೆ ಕೂಡು ಎಂದವರ ಮೇಲೆ.

ದೀಪಾವಳಿಯವರೆಗೆ ಬದುಕಿದ್ದರು. ಕಣ್ಣು ಎಲ್ಲವನ್ನೂ ನೋಡುತ್ತಿತ್ತು, ಮಾತು ಮಾತ್ರ ತಿರುಗಿ ಬರಲಿಲ್ಲ. ಆ ಬೇಸಿಗೆಯಲ್ಲಿ ಟೆಸ್ಟ್ ಮ್ಯಾಚುಗಳಿದ್ದಾಗ ಟಿ.ವಿ. ಹಾಕಿ, ಅವರ ಕುರ್ಚಿಯನ್ನು ಎದುರಿಗೆ ಎಳೆದು, ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಇಬ್ಬರು ಬ್ಯಾಟ್ಸ್‌ಮನ್‌ಗಳು ಕಚ್ಚಿಕೊಂಡು ನಿಂತರೆ ಸಾಕು, ಬೇಕೆಂದೇ ಮಾತು ತೆಗೆಯುತ್ತಿದ್ದೆ. ಈಲಿಂಗ್ ರೋಡಿನ ಅಂಗಡಿಯಲ್ಲಿ ಸಿಕ್ಕ ಎಳೆ ಬೆಂಡೆಕಾಯಿ, ಕೌನ್ಸಿಲ್‌ನವರು ಕಡಿದ ಮರ, ಮೇಲಿನ ಫ್ಲಾಟಿನವರ ನಾಯಿ, ಬಾಯಿಗೆ ಬಂದದ್ದೆಲ್ಲ. ಎದ್ದು ಟಿ.ವಿ. ಮುಂದೆಯೇ ಆಚೀಚೆ ಓಡಾಡುತ್ತಿದ್ದೆ. ಎಷ್ಟೋ ವಿಕೆಟ್ ಬಿದ್ದವು. ಒಂದೇ ಒಂದು ಸಲ ನನ್ನನ್ನು ಬೈಯಲಿ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ಬೈಯಲಿಲ್ಲ.